ಬೆಳಿಗ್ಗೆ ಎರಡು ತಾಸು ಮೈದಾನದ ಗೇಟು ತೆಗೆಯಿರಿ: ಹುಬ್ಬಳ್ಳಿ-ಧಾರವಾಡದ ಶಾಲೆ, ಕಾಲೇಜುಗಳ ಆಡಳಿತ ಮಂಡಳಿಯವರಿಗೆ ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ಕೇಳಬೇಕಾದದ್ದನ್ನು ಮೊದಲೇ ಕೇಳಿಬಿಡುತ್ತೇನೆ. ನಿಮ್ಮ ಮೈದಾನದ ಗೇಟನ್ನು ಬೆಳಿಗ್ಗೆ ಐದೂವರೆಯಿಂದ ಏಳೂವರೆವರೆಗೆ ಸುತ್ತಮುತ್ತಲಿನ ಓಣಿಯ ಜನರಿಗೆ ತೆಗೆಯಿರಿ. ಆಗುವುದಾದರೆ ಸಂಜೆ, ಶಾಲೆ ಬಿಟ್ಟ ಮೇಲೆ ಇನ್ನೊಂದು ತಾಸು. ಹೊಸ ಕಟ್ಟಡ ಬೇಡ, ಜಿಮ್ ಸಾಮಾನು ಬೇಡ, ಟೈಲ್ಸ್ ಹಾಕಿದ ಟ್ರ್ಯಾಕ್ ಬೇಡ. ಇರುವ ಮಣ್ಣಿನ ಮೈದಾನವೇ ಸಾಕು. ನಾವು ಸುಮ್ನೆ ಬರುತ್ತೇವೆ, ನಡೆಯುತ್ತೇವೆ, ಹೋಗುತ್ತೇವೆ.

ನಾನು ಬಸ್ ಕಂಡಕ್ಟರ್ ಕೆಲಸ ಮಾಡಿ ನಿವೃತ್ತನಾದವನು. ಮನೆ ಹಳೇ ಹುಬ್ಬಳ್ಳಿಯಲ್ಲಿ. ಡಾಕ್ಟರ್ ಅಲ್ಲ, ಯಾವ ಸಂಘದ ಅಧ್ಯಕ್ಷನೂ ಅಲ್ಲ. ಆದರೂ ಹೃದಯದ ಬಗ್ಗೆ ಮಾತಾಡುವ ಹಕ್ಕು ಕಂಡಕ್ಟರ್‌ಗಳಿಗೆ ಸ್ವಲ್ಪ ಜಾಸ್ತಿಯೇ ಇದೆ ಅನ್ನುವುದು ನನ್ನ ವಾದ. ಮೈ ಆಡಿಸಿದರೆ ಹೃದಯಕ್ಕೆ ಒಳ್ಳೆಯದು ಅಂತ ಇವತ್ತು ಎಲ್ಲರೂ ಹೇಳುತ್ತಾರಲ್ಲ, ಅದನ್ನು ಲೆಕ್ಕ ಹಾಕಿ ತೋರಿಸಿದ್ದೇ ಕಂಡಕ್ಟರ್‌ಗಳನ್ನು ನೋಡಿ.

ಲಂಡನ್‌ನಲ್ಲಿ ಜೆರಿ ಮಾರಿಸ್ ಅಂತ ಒಬ್ಬ ವೈದ್ಯರಿದ್ದರು. ಎರಡನೇ ಮಹಾಯುದ್ಧ ಮುಗಿದ ಕಾಲ ಅದು. ಹೃದಯಾಘಾತ ಏರುತ್ತಿತ್ತು, ಯಾಕೆ ಅಂತ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಮಾರಿಸ್ ಅಲ್ಲಿನ ಡಬಲ್ ಡೆಕ್ಕರ್ ಬಸ್ಸುಗಳ ಸಿಬ್ಬಂದಿಯ ದಾಖಲೆ ಹಿಡಿದು ಕೂತರು. ಡ್ರೈವರ್, ಕಂಡಕ್ಟರ್ ಇಬ್ಬರದೂ ಒಂದೇ ಬಸ್ಸು, ಒಂದೇ ರಸ್ತೆ, ಒಂದೇ ಹೊಗೆ. ಬೇರೆ ಇದ್ದದ್ದು ಕೆಲಸ ಮಾತ್ರ. ಡ್ರೈವರ್ ಪಾಳಿಯ ಬಹುಪಾಲು ಹೊತ್ತು ಕೂತೇ ಇರುತ್ತಿದ್ದ. ಕಂಡಕ್ಟರ್ ಟಿಕೆಟ್ ಕೊಡಲು ಮೇಲೆ ಕೆಳಗೆ ಹತ್ತಿ ಇಳಿಯುತ್ತಿದ್ದ, ದಿನಕ್ಕೆ ಐದಾರು ನೂರು ಮೆಟ್ಟಿಲು. 1953ರಲ್ಲಿ ಈ ಲೆಕ್ಕ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಕಂಡಕ್ಟರ್‌ಗಳಿಗೆ ಹೃದಯದ ಕಾಯಿಲೆ ಕಡಿಮೆ. ಬಂದರೂ ತಡವಾಗಿ ಬರುತ್ತಿತ್ತು, ಬಂದಾಗ ಸಾಯುವವರೂ ಕಡಿಮೆ. ಅಂಚೆ ಇಲಾಖೆಯಲ್ಲೂ ಅದೇ ಕತೆ. ಪತ್ರ ಹಂಚುತ್ತ ತಿರುಗುವ ಪೋಸ್ಟ್‌ಮನ್ ಕುರ್ಚಿಯ ಮೇಲೆ ಕೂತ ಗುಮಾಸ್ತರಿಗಿಂತ ಗಟ್ಟಿ.

ಡ್ರೈವರ್‌ಗಳು ಮೊದಲಿನಿಂದಲೇ ದಪ್ಪ ಇದ್ದಿರಬಹುದಲ್ವಾ? ಈ ಅನುಮಾನ ಆಗಲೇ ಬಂತು. ಮಾರಿಸ್ ಅದನ್ನೂ ಬಿಡಲಿಲ್ಲ. ಸಿಬ್ಬಂದಿಗೆ ಹೊಲಿಸಿ ಕೊಟ್ಟ ಯೂನಿಫಾರ್ಮ್‌ಗಳ ಅಳತೆ ತರಿಸಿ ನೋಡಿದರು. ಡ್ರೈವರ್‌ಗಳ ಪ್ಯಾಂಟಿನ ಸೊಂಟ ದೊಡ್ಡದೇ ಇತ್ತು. ಆದರೆ ತೆಳ್ಳಗಿನವರನ್ನು ತೆಳ್ಳಗಿನವರ ಜೊತೆ, ಹೊಟ್ಟೆ ಇದ್ದವರನ್ನು ಹೊಟ್ಟೆ ಇದ್ದವರ ಜೊತೆ ಹೋಲಿಸಿದರೂ ಕಂಡಕ್ಟರ್‌ಗಳೇ ಮೇಲು ಅಂತ ಮುಂದಿನ ಲೆಕ್ಕ ಹೇಳಿತು. ಅಂದರೆ ಹೊಟ್ಟೆ ಬಂದವರೂ ನಡೆದರೆ ಲಾಭವಿದೆ. ನನಗೆ ಇದರಲ್ಲಿ ಬಹಳ ಸಮಾಧಾನ ಕೊಟ್ಟ ಸಂಗತಿ ಇದೇ. ಅಂದಹಾಗೆ ಮಾರಿಸ್ ಅವರೇ 99 ವರ್ಷ ಬದುಕಿದರು.

ನಮ್ಮ ಬಸ್ಸಿಗೆ ಮಹಡಿ ಇರಲಿಲ್ಲ. ಆದರೆ ಬೆಳಗಿನ ಹುಬ್ಬಳ್ಳಿ-ಧಾರವಾಡ ಲೋಕಲ್‌ನಲ್ಲಿ ಕಾಲೇಜು ಹುಡುಗರ ನಡುವೆ ಹಿಂದಿನಿಂದ ಮುಂದಿನವರೆಗೆ ನುಗ್ಗಿ ಟಿಕೆಟ್ ಹರಿದವರಿಗೆ ಅದೂ ಒಂದು ಕಸರತ್ತೇ ಅಂತ ಗೊತ್ತು. (ಈಗಿನ ಚಿಗರಿ ಬಸ್ಸಿನೊಳಗೆ ಕಂಡಕ್ಟರೇ ಇಲ್ಲ, ಟಿಕೆಟ್ ಸ್ಟೇಷನ್‌ನಲ್ಲೇ ಆಗುತ್ತದೆ.) ನನ್ನ ಜೊತೆ ಬಹಳ ವರ್ಷ ಡ್ಯೂಟಿ ಮಾಡಿದ ಡ್ರೈವರ್ ಗೆಳೆಯನಿಗೆ ಸ್ಟೆಂಟ್ ಹಾಕಿದ್ದಾರೆ. ಎದೆ ಬಿಗಿ ಹಿಡಿದಾಗ "ಗ್ಯಾಸ್ ಆಗೈತಿ ಬಿಡ, ಒಂದು ಸೋಡಾ ಕುಡದ್ರ ಇಳೀತೈತಿ" ಅನ್ನುತ್ತ ಮಧ್ಯಾಹ್ನದಿಂದ ಸಂಜೆವರೆಗೆ ಕೂತಿದ್ದ. ಹೆಂಡತಿ ಅವನ ಮಾತು ಕೇಳದೆ ಆಸ್ಪತ್ರೆಗೆ ಎಳೆದುಕೊಂಡು ಹೋದರು, ಉಳಿದ. ಅವನೊಬ್ಬನಿಂದ ಏನೂ ಸಾಬೀತಾಗುವುದಿಲ್ಲ. ಬೀಡಿ ಸೇದುತ್ತಿದ್ದ, ಬಿಪಿ ಮಾತ್ರೆ ಬಿಟ್ಟಿದ್ದ. ಹಾರ್ಟ್ ಅಟ್ಯಾಕ್ ಆದ ಕಂಡಕ್ಟರ್‌ಗಳೂ ಇದ್ದಾರೆ. ಆದರೆ ಆಸ್ಪತ್ರೆಯಿಂದ ಬಿಡುವಾಗ ಡಾಕ್ಟರ್ ಅವನಿಗೆ ಹೇಳಿದ ಮಾತು ನನಗೆ ಈ ಪತ್ರ ಬರೆಸುತ್ತಿದೆ. ಮಾತ್ರೆ ತಪ್ಪಿಸಬೇಡಿ, ಬೀಡಿ ಮುಟ್ಟಬೇಡಿ, ದಿನಾ ಅರ್ಧ ತಾಸು ನಡೆಯಿರಿ. ಮೊದಲೆರಡು ಅವನ ಕೈಯಲ್ಲಿವೆ. ಮೂರನೆಯದಕ್ಕೆ ಜಾಗ ಬೇಕು.

ಆ ಅರ್ಧ ತಾಸಿನಲ್ಲಿ ಆಗುವುದೇನು ಅಂತ ನಾನು ಓದಿ, ಕೇಳಿ ತಿಳಿದಷ್ಟು ಹೇಳುತ್ತೇನೆ. ಹೃದಯವೂ ಒಂದು ಸ್ನಾಯು. ದುಡಿಸಿದಷ್ಟು ಗಟ್ಟಿಯಾಗಿ ಒಂದು ಬಡಿತಕ್ಕೆ ಜಾಸ್ತಿ ರಕ್ತ ತಳ್ಳುತ್ತದೆ. ಆಗ ಸುಮ್ಮನೆ ಕೂತಾಗ ಅಷ್ಟೊಂದು ಸಲ ಬಡಿಯಬೇಕಾಗಿಲ್ಲ. ನಿಮಿಷಕ್ಕೆ 80 ಇದ್ದ ನಾಡಿ 70ಕ್ಕೆ ಇಳಿದರೆ ದಿನಕ್ಕೆ 14,400 ಬಡಿತ ಉಳಿಯಿತು. ಬೇಕಿದ್ದರೆ ಗುಣಿಸಿ ನೋಡಿ, ಟಿಕೆಟ್ ಲೆಕ್ಕ ಮಾಡಿದ ಕೈ ಇದು. ಎರಡನೆಯದು, ರಕ್ತ ಜೋರಾಗಿ ಹರಿದಾಗ ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುತ್ತದೆ. ಅದರಿಂದ ನಾಳ ಸಡಿಲಾಗಿ ಹಿಗ್ಗುತ್ತದೆ. ದಿನಾ ಹೀಗೆ ಹಿಗ್ಗಿಸಿದರೆ ಬಿಪಿ ನಿಧಾನಕ್ಕೆ ಇಳಿಯುತ್ತದೆ. ನಡೆಯುವಾಗ ಕಾಲಿನ ಮೀನಖಂಡ ಹಿಂಡಿ ಹಿಂಡಿ ಕೆಳಗಿನ ರಕ್ತವನ್ನು ಮೇಲಕ್ಕೆ ಹತ್ತಿಸುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನೊಂದು ಲಾಭ. ದುಡಿಯುವ ಸ್ನಾಯು ರಕ್ತದಲ್ಲಿನ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಓಡಾಡಿದರೂ ಸಕ್ಕರೆ ಏರುವುದು ತಗ್ಗುತ್ತದೆ.

ಎಷ್ಟು ನಡೆಯಬೇಕು? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು, ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ. ದಿನಕ್ಕೆ ಅರ್ಧ ತಾಸಿನಂತೆ ವಾರಕ್ಕೆ ಐದು ದಿನ ಅಂತ ಇಟ್ಟುಕೊಳ್ಳಿ. ಒಂದೇ ಸಲ ಆಗದಿದ್ದರೆ ತುಂಡು ತುಂಡಾಗಿ ಮಾಡಿದರೂ ಲೆಕ್ಕಕ್ಕೆ ಬರುತ್ತದೆ. ಹತ್ತು ನಿಮಿಷವಾದರೂ ಬಿಡದೆ ನಡೆಯಬೇಕು ಅಂತ ಮೊದಲು ಇದ್ದ ಮಾತನ್ನು ಅವರೇ ಕೈಬಿಟ್ಟಿದ್ದಾರೆ. ಇನ್ನು ಮೊಬೈಲ್ ಹೇಳುವ 10,000 ಹೆಜ್ಜೆ. ಅದು 1960ರ ದಶಕದಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಹಿಡಿದ ಸಂಖ್ಯೆ. ಅಷ್ಟು ಆಗಲಿಲ್ಲ ಅಂತ ಯಾರೂ ಕೊರಗಬೇಕಾಗಿಲ್ಲ.

ವೇಗದ ವಿಷಯಕ್ಕೆ ಡಾಕ್ಟರ್‌ಗಳು ಹೇಳುವ ಒಂದು ಪರೀಕ್ಷೆ ಇದೆ. ನಡೆಯುವಾಗ ಮಾತಾಡಲು ಬರಬೇಕು, ಹಾಡಲು ಬರಬಾರದು. ಹಾಡಲು ಬಂದರೆ ನಡಿಗೆ ನಿಧಾನವಾಯಿತು, ಮಾತೂ ಬರದಿದ್ದರೆ ಜಾಸ್ತಿಯಾಯಿತು. ಮನ್ಸೂರರು, ಗಂಗೂಬಾಯಿಯವರು ಹಾಡಿದ ಊರುಗಳು ನಮ್ಮವು. ಇಲ್ಲಿ ಕೆಲವರು ಬೆಟ್ಟ ಹತ್ತುತ್ತಲೂ ಆಲಾಪ ಎಳೆದಾರು. ಉಳಿದವರಿಗೆಲ್ಲ ಈ ಪರೀಕ್ಷೆ ಸರಿ ಹೊಂದುತ್ತದೆ. ನಿಮಿಷಕ್ಕೆ ಸುಮಾರು 100 ಹೆಜ್ಜೆ ಬಿದ್ದರೆ ಚುರುಕು ನಡಿಗೆ ಅನ್ನುತ್ತಾರೆ.

ಈಗ ಜಾಗದ ಮಾತಿಗೆ ಬರುತ್ತೇನೆ. ನಮ್ಮ ಅವಳಿ ನಗರದಲ್ಲಿ ನಡೆಯಲು ಚೆಂದದ ಜಾಗಗಳಿಲ್ಲ ಅಂತ ನಾನು ಹೇಳುವುದಿಲ್ಲ. ಉಣಕಲ್ ಕೆರೆ ಇದೆ, ತೋಳನಕೆರೆ ಇದೆ, ನೃಪತುಂಗ ಬೆಟ್ಟ ಇದೆ, ಇಂದಿರಾ ಗಾಜಿನ ಮನೆ ಇದೆ. ಧಾರವಾಡದವರಂತೂ ಪುಣ್ಯವಂತರು. ಕೆಲಗೇರಿ ಕೆರೆ, ಸಾಧನಕೇರಿ, ಕರ್ನಾಟಕ ವಿಶ್ವವಿದ್ಯಾಲಯದ ಮರಗಳ ನೆರಳು. ಆದರೆ ಹಳೇ ಹುಬ್ಬಳ್ಳಿಯ ಓಣಿಯಲ್ಲಿರುವ ಅರವತ್ತು ದಾಟಿದ ಹೆಣ್ಣುಮಗಳೊಬ್ಬಳು ಬೆಳಿಗ್ಗೆ ಉಣಕಲ್‌ಗೆ ಹೇಗೆ ಹೋಗಬೇಕು? ನಡೆಯುವ ಜಾಗ ಮುಟ್ಟಲು ಬೈಕು ಬೇಕು, ಬೈಕು ಓಡಿಸಲು ಮಗ ಬೇಕು, ಮಗನಿಗೆ ಆ ಹೊತ್ತಿಗೆ ಎಚ್ಚರವಾಗಿರಬೇಕು. ಅರ್ಧ ತಾಸಿನ ನಡಿಗೆಗೆ ಒಂದು ತಾಸಿನ ಓಡಾಟ. ಮೂರು ದಿನ ಹೋಗಬಹುದು, ನಾಲ್ಕನೇ ದಿನ ಯಾರು ಹೋಗುತ್ತಾರೆ?

ನಮ್ಮ ಹುಬ್ಬಳ್ಳಿ ರೈಲು ನಿಲ್ದಾಣದಲ್ಲಿ ಜಗತ್ತಿನಲ್ಲೇ ಅತಿ ಉದ್ದದ ಪ್ಲಾಟ್‌ಫಾರ್ಮ್ ಇದೆ, 1,507 ಮೀಟರ್. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಒಂದು ಸಲ ಈ ತುದಿಯಿಂದ ಆ ತುದಿಗೆ ಹೋಗಿ ವಾಪಸ್ ಬಂದರೆ ಮೂರು ಕಿಲೋಮೀಟರ್. ಚುರುಕಾಗಿ ನಡೆದರೆ ಅರ್ಧ ತಾಸಿಗೆ ಸ್ವಲ್ಪ ಜಾಸ್ತಿ. ಡಾಕ್ಟರ್ ಬರೆದುಕೊಟ್ಟ ಲೆಕ್ಕಕ್ಕೆ ಸರಿಯಾಗಿದೆ. ಪ್ಲಾಟ್‌ಫಾರ್ಮ್ ಟಿಕೆಟ್ ತಗೊಂಡು ಅಲ್ಲೇ ವಾಕಿಂಗ್ ಮಾಡೋಣ ಅಂತ ನನ್ನ ಗೆಳೆಯ ತಮಾಷೆ ಮಾಡುತ್ತಾನೆ. ತಮಾಷೆಯೇ, ಆದರೆ ಅವನಿಗೆ ಮನೆ ಹತ್ತಿರ ಬೇರೆ ಜಾಗ ಸಿಕ್ಕಿಲ್ಲ ಅನ್ನುವುದು ತಮಾಷೆ ಅಲ್ಲ.

ರಸ್ತೆಯಲ್ಲೇ ನಡೆಯಬಹುದಲ್ಲ ಅನ್ನುತ್ತೀರಿ. ಗಂಡಸರು ನಡೆಯುತ್ತೇವೆ. ಬೆಳಗಿನ ಹಾಲಿನ ಗಾಡಿ, ನಾಯಿಗಳ ಗುಂಪು, ಕಲ್ಲು ಎದ್ದ ಫುಟ್‌ಪಾತು, ಅದರ ಮೇಲೆ ನಿಂತ ಬೈಕು, ಇಷ್ಟೆಲ್ಲ ತಪ್ಪಿಸಿಕೊಂಡು ನಡೆಯುತ್ತೇವೆ. ತಲೆ ತಗ್ಗಿಸಿ ನೆಲ ನೋಡುತ್ತ ನಡೆಯುವಾಗ ವೇಗ ಎಲ್ಲಿಂದ ಬರಬೇಕು? ಹೆಂಗಸರಿಗೆ ಇದರ ಜೊತೆಗೆ ನೋಡುವವರ ಕಣ್ಣಿನ ಕಾಟ. ನಮ್ಮ ಓಣಿಯಲ್ಲಿ ಮನೆಯಲ್ಲೇ ಹೊಲಿಗೆ ಮಾಡುವ ಅಕ್ಕಾರು ಒಬ್ಬರಿದ್ದಾರೆ. ಸಕ್ಕರೆ ಕಾಯಿಲೆ, ಬಿಪಿ ಎರಡೂ ಇವೆ. ಮೆಷಿನ್ ಮುಂದೆ ದಿನವಿಡೀ ಕೂರುತ್ತಾರೆ. ಕತ್ತಲಾದ ಮೇಲೆ ಮನೆಯ ಮಾಳಿಗೆ ಮೇಲೆ ನಡೆಯುತ್ತಾರೆ. ನಾಲ್ಕು ಹೆಜ್ಜೆ ಹಾಕಿದರೆ ನೀರಿನ ಟ್ಯಾಂಕು ಅಡ್ಡ, ತಿರುಗಿ ನಾಲ್ಕು ಹೆಜ್ಜೆ ಹಾಕಿದರೆ ಬಟ್ಟೆ ಒಣಹಾಕಿದ ಹಗ್ಗ. "ತಿರುಗಿ ತಿರುಗಿ ತಲಿ ಸುತ್ತತೈತ್ರಿ ಕಾಕಾ, ಬೆವರ ಮಾತ್ರ ಬರಂಗಿಲ್ಲ" ಅಂತ ನಗುತ್ತಾರೆ. ಅವರ ಮನೆಯಿಂದ ಕೂಗಳತೆಯಲ್ಲಿ ಒಂದು ಶಾಲೆಯ ಮೈದಾನವಿದೆ. ಬೆಳಿಗ್ಗೆ ಖಾಲಿ. ಸಂಜೆ ಖಾಲಿ. ಭಾನುವಾರ ಪೂರ್ತಿ ಖಾಲಿ.

ಹೃದಯದ ಕಾಯಿಲೆ ಗಂಡಸರದ್ದು ಅಂತ ನಾವು ಇನ್ನೂ ನಂಬಿಕೊಂಡಿದ್ದೇವೆ. ಮುಟ್ಟು ನಿಂತ ಮೇಲೆ ಹೆಂಗಸರಿಗೂ ಅಪಾಯ ಏರುತ್ತದೆ. ಅವರಲ್ಲಿ ಎದೆನೋವೇ ಬರಬೇಕೆಂದಿಲ್ಲ. ವಿಪರೀತ ಸುಸ್ತು, ಉಬ್ಬಸ, ವಾಕರಿಕೆ, ಬೆನ್ನು ಅಥವಾ ದವಡೆ ನೋವು ಇಷ್ಟೇ ಇರಬಹುದು. ಸಕ್ಕರೆ ಕಾಯಿಲೆ ಇದ್ದವರಿಗೆ ನೋವೇ ಗೊತ್ತಾಗದೆ ಹೋಗಬಹುದು. "ಮನಿ ತುಂಬ ಓಡಾಡ್ತೇನಿ, ಮತ್ತ ವಾಕಿಂಗ್ ಯಾಕ?" ಅಂತ ಅವರೇ ಕೇಳುತ್ತಾರೆ. ಕೇಳುವುದರಲ್ಲಿ ನ್ಯಾಯವಿದೆ. ಕಸ ಹೊಡೆಯುವುದು, ನೀರು ಹೊರುವುದು ಲೆಕ್ಕಕ್ಕೆ ಬರುತ್ತದೆ. ಒಲೆ ಮುಂದೆ ನಿಂತು ರೊಟ್ಟಿ ಬಡಿದರೆ ತೋಳು ದಣಿಯುತ್ತದೆ, ಆದರೆ ಏರುಸಿರು ಬರಿಸುವ ಕೆಲಸ ಅದಲ್ಲ.

ಮೇಲೆ ಹೇಳಿದ ಆ ಶಾಲೆಗೆ ನಾನು ಹೋಗಿದ್ದೆ. ಹೆಸರು ಬೇಡ. ಗೇಟಿನಲ್ಲಿ ವಾಚ್‌ಮನ್ ಬಹಳ ಮರ್ಯಾದೆಯಿಂದ ಕೂರಿಸಿದ. "ಅಜ್ಜಾರ, ಒಳಗ ಬಿಡಾಕ ಆರ್ಡರ್ ಇಲ್ರೀ. ಬಿಟ್ರ ನನ್ನ ಕೆಲಸ ಹೋಗತೈತಿ" ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಆರ್ಡರ್ ಕೊಡುವವರು ನೀವು, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನಿಮ್ಮ ಅಡ್ಡಿಗಳು ಏನಿರಬಹುದು ಅಂತ ಯೋಚಿಸಿದ್ದೇನೆ. ಮೊದಲನೆಯದು ಮಕ್ಕಳ ಸುರಕ್ಷತೆ. ಇದು ಸರಿಯಾದ ಭಯ. ಅದಕ್ಕೇ ಬೆಳಿಗ್ಗೆ ಏಳೂವರೆಗೆ ಮೈದಾನ ಖಾಲಿಯಾಗಬೇಕು ಅನ್ನುವುದು. ಮಕ್ಕಳು ಬರುವ ಹೊತ್ತಿಗೆ ಹೊರಗಿನವರು ಒಬ್ಬರೂ ಒಳಗೆ ಇರಬಾರದು. ಓಣಿಯ ಜನರಿಗೆ ಮಾತ್ರ ಒಂದು ಕಾರ್ಡ್ ಮಾಡಿ, ಆಧಾರ್ ನಕಲು ಇಟ್ಟುಕೊಳ್ಳಿ, ಫೋಟೋ ಅಂಟಿಸಿ. ಕಾರ್ಡ್ ಇಲ್ಲದವರನ್ನು ಬಿಡಬೇಡಿ. ಎರಡನೆಯದು ಹೊಲಸು. ಗುಟ್ಕಾ ಉಗುಳುವವರು, ಬಾಟಲಿ ಬಿಸಾಡುವವರು ನಮ್ಮಲ್ಲಿ ಇಲ್ಲ ಅಂತ ನಾನು ಸುಳ್ಳು ಹೇಳಲಾರೆ. ಉಗುಳಿದವರ ಕಾರ್ಡ್ ಅವತ್ತೇ ಕಿತ್ತುಕೊಳ್ಳಿ. ಕ್ರಿಕೆಟ್ ಬ್ಯಾಟು, ಬೈಕು, ತಿಂಡಿ ಪೊಟ್ಟಣ ಯಾವುದನ್ನೂ ಒಳಗೆ ಬಿಡಬೇಡಿ. ಮೂರನೆಯದು ಖರ್ಚು. ವಾಚ್‌ಮನ್‌ಗೆ ಎರಡು ತಾಸಿನ ಓವರ್‌ಟೈಮ್, ಎರಡು ಲೈಟಿನ ಕರೆಂಟು. ಅದನ್ನು ಓಣಿಯವರು ತಿಂಗಳಿಗೆ ಇಷ್ಟು ಅಂತ ಪಟ್ಟಿ ಹಾಕಿ ಕೂಡಿಸಬಹುದು. ಗಣಪತಿ ಕೂರಿಸಲು ಕೂಡಿಸುವುದಿಲ್ಲವೇ? ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯವರೂ ಮುಖ್ಯೋಪಾಧ್ಯಾಯರೂ ಒಂದು ಸಂಜೆ ಕೂತು ಮಾತಾಡಲಿ. ಪರೀಕ್ಷೆ ದಿನ, ಕ್ರೀಡಾಕೂಟದ ದಿನ ಮುಚ್ಚಿ, ಯಾರೂ ಕೇಳುವುದಿಲ್ಲ.

ಒಂದೇ ಒಂದು ಕೆಲಸ ನಿಮ್ಮ ಪಿಟಿ ಮಾಸ್ತರರಿಂದ ಮಾಡಿಸಿ. ಮೈದಾನದ ಸುತ್ತ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, ಒಂದು ಸುತ್ತು ಎಷ್ಟು ಮೀಟರ್ ಅಂತ ಬೋರ್ಡ್ ಹಾಕಿಸಿ. 200 ಮೀಟರ್ ಇದ್ದರೆ ಹದಿನೈದು ಸುತ್ತಿಗೆ ಮೂರು ಕಿಲೋಮೀಟರ್. ಮೊದಲ ಎರಡು ಸುತ್ತು, ಕೊನೆಯ ಎರಡು ಸುತ್ತು ನಿಧಾನಕ್ಕೆ ಅಂತಲೂ ಬರೆಸಿ. ಮೈ ಬಿಸಿಯಾಗದೆ ಜೋರು ಹಿಡಿಯಬಾರದು, ಜೋರಾಗಿ ನಡೆದವರು ಗಕ್ಕನೆ ನಿಲ್ಲಲೂಬಾರದು.

ಪಿಟಿ ಮಾಸ್ತರರ ಮಾತು ಬಂತು. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ತಾಸು ಮೈ ಬೆವರುವ ಆಟ ಬೇಕು ಅಂತ ಅದೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಎಸ್ಸೆಸ್ಸೆಲ್ಸಿ ಬಂತು ಅಂದರೆ ಪಿಟಿ ಪೀರಿಯಡ್ ಗಣಿತಕ್ಕೆ ಹೋಗುತ್ತದೆ. ಅದು ನಿಮ್ಮ ಮನೆಯ ವಿಷಯ, ಆದರೂ ಹೇಳಿದೆ.

2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿ ಬಂದಾಗ ಜನ ಹೇಗೆ ಹೆದರಿದರು ಅಂತ ನೆನಪಿರಬೇಕು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆ ಮುಂದೆ ನಸುಕಿನಲ್ಲೇ ಸಾಲು. ಅದಕ್ಕೂ ಮೊದಲು, 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ಇನ್ನೊಂದು ಥರದ ಭಯ. ವ್ಯಾಯಾಮ ಮಾಡಿದರೇ ಅಪಾಯ ಅಂತ ಜಿಮ್ ಬಿಟ್ಟವರಿದ್ದಾರೆ. ಅಭ್ಯಾಸವಿಲ್ಲದವರು ಏಕಾಏಕಿ ಭಾರ ಎತ್ತುವುದು, ಓಡುವುದು ಅಪಾಯವೇ. ದಿನಾ ಸ್ವಲ್ಪ ಸ್ವಲ್ಪ ಏರಿಸುತ್ತ ಹೋಗುವ ನಡಿಗೆ ಹಾಗಲ್ಲ. ಹೃದಯಾಘಾತವಾದವರನ್ನೂ ವೈದ್ಯರು ಆಸ್ಪತ್ರೆಯ ವಾರ್ಡಿನಲ್ಲೇ ನಾಲ್ಕು ಹೆಜ್ಜೆಯಿಂದ ಶುರು ಮಾಡಿಸುತ್ತಾರೆ. ಮೊದಲೇ ಕಾಯಿಲೆ ಇದ್ದವರು ಡಾಕ್ಟರ್‌ರನ್ನು ಕೇಳಿಯೇ ಶುರು ಮಾಡಬೇಕು.

ಆ ಬೋರ್ಡಿನಲ್ಲಿ ಇನ್ನೊಂದು ಸಾಲಿಗೂ ಜಾಗ ಇಡಿ. ನಡೆಯುವಾಗ ಎದೆ ಹಿಂಡಿದಂತಾದರೆ, ನೋವು ಎಡಗೈಗೋ ದವಡೆಗೋ ಏರಿದರೆ, ತಣ್ಣನೆ ಬೆವರು ಬಂದರೆ ನಿಲ್ಲಿ, 108ಕ್ಕೆ ಫೋನ್ ಮಾಡಿ. ಸೋಡಾ ಅಂಗಡಿಗೆ ಹೋಗಬೇಡಿ. ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಬೇಕಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಪುಕ್ಕಟೆ ಕೊಡುವ ಯೋಜನೆಯನ್ನು ಸರ್ಕಾರ ಪುನೀತ್ ಅವರ ಹೆಸರಿನಲ್ಲೇ ಮಾಡಿದೆ. ಆದರೆ ಗ್ಯಾಸ್ ಅಂತ ಮನೆಯಲ್ಲಿ ಕೂತವರಿಗೆ ಆ ಇಂಜೆಕ್ಷನ್ ಮುಟ್ಟುವುದು ಹೇಗೆ?

ನಡೆಯುವ ನಮ್ಮವರಿಗೂ ಒಂದು ಮಾತು, ನೀವು ಕೇಳಿಸಿಕೊಳ್ಳದಿದ್ದರೂ ನಡೆದೀತು. ವಾಕಿಂಗ್ ಮುಗಿಸಿ ಗಾಡಿ ಮುಂದೆ ನಿಂತು ಗಿರ್ಮಿಟ್, ಮಿರ್ಚಿ ತಿನ್ನುವುದು ನಮ್ಮ ಊರಿನ ಪದ್ಧತಿ. ಅರ್ಧ ತಾಸಿನಲ್ಲಿ ಕರಗುವುದು ಸುಮಾರು 120ರಿಂದ 150 ಕ್ಯಾಲರಿ. ಎರಡು ಮಿರ್ಚಿ ಅದನ್ನು ಅಲ್ಲೇ ವಾಪಸ್ ಕೊಡುತ್ತವೆ. ಪೂರ್ತಿ ಬಿಡಿ ಅಂದರೆ ಯಾರೂ ಕೇಳುವುದಿಲ್ಲ, ನಾನೂ ಬಿಡುವುದಿಲ್ಲ. ಭಾನುವಾರಕ್ಕೆ ಇಟ್ಟುಕೊಳ್ಳೋಣ.

ಸೆಪ್ಟೆಂಬರ್ 29 ವಿಶ್ವ ಹೃದಯ ದಿನ. ಅವತ್ತು ಮಕ್ಕಳ ಕೈಯಲ್ಲಿ ಬ್ಯಾನರ್ ಹಿಡಿಸಿ ಬಿಸಿಲಲ್ಲಿ ಜಾಥಾ ಮಾಡಿಸುವ ಬದಲು ಗೇಟು ತೆಗೆಯುವ ದಿನ ಮಾಡಿ. ಅದರ ಆಸುಪಾಸಿನಲ್ಲೇ ದಸರಾ ರಜೆಯೂ ಬರುತ್ತದೆ, ಶಾಲೆಗೆ ತೊಂದರೆಯಾಗದೆ ಪರೀಕ್ಷಿಸಿ ನೋಡಲು ಒಳ್ಳೆಯ ಹೊತ್ತು. ಎರಡು ತಿಂಗಳು ಮಾತ್ರ ನೋಡಿ. ನಮ್ಮ ಓಣಿಯ ಮಟ್ಟಿಗೆ ಮೊದಲ ತಿಂಗಳ ವಾಚ್‌ಮನ್ ಓವರ್‌ಟೈಮ್ ಕೊಡಲು ನಾನು ಮತ್ತು ಡ್ರೈವರ್ ಗೆಳೆಯ ತಯಾರಿದ್ದೇವೆ. ಬೆಳಿಗ್ಗೆ ಕಾರ್ಡ್ ನೋಡಿ ಒಳಗೆ ಬಿಡುವ ಕೆಲಸವನ್ನೂ ನನಗೇ ಕೊಡಿ. ಪಾಸ್ ತಪಾಸಣೆ ನನಗೆ ಹೊಸದಲ್ಲ. ಸರಿ ಬರದಿದ್ದರೆ ಮುಚ್ಚಿಬಿಡಿ, ನಾವು ಬಂದು ಗಲಾಟೆ ಮಾಡುವುದಿಲ್ಲ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕಂಡಕ್ಟರ್
ಹಳೇ ಹುಬ್ಬಳ್ಳಿ